ಬಿಳಿ ತೇಪೆ

ನಡೆದದ್ದನ್ನು ನಡೆದ ಹಾಗೆಯೇ ಹೇಳುವ ಕಥೆ ಇದು. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಅಳತೆ ಮಾತ್ರ ಒಂದಕ್ಕೆ ನೂರು. ನಕ್ಷೆಯ ಮೂಲೆಯಲ್ಲಿ ಬರೆಯುವ ಹಾಗೆ ಇದನ್ನು ಮೊದಲೇ ಬರೆದಿಟ್ಟರೆ ಆಮೇಲೆ ಯಾರ ತಕರಾರೂ ಇರುವುದಿಲ್ಲ.

ಆ ಬೆಳಿಗ್ಗೆ ಗಿಳಿ ಕಂಪ್ಯೂಟರಿನ ಮುಂದೆ ಕೂತಿದ್ದ, ಪಕ್ಕದಲ್ಲಿ ಭಾವ ಕೂತಿದ್ದರು. ತೊಂದರೆ ಅದೇ. ಭಾವ ಎಂದರೆ ಅಕ್ಕನ ಗಂಡ, ಈ ಆಫೀಸಿನ ಯಜಮಾನರು, ಕಟ್ಟಡಗಳ ಆರ್ಕಿಟೆಕ್ಟ್. ಗಿಳಿಯ ಕೋಣೆಗೆ ಬಂದರೆ ಬಾಗಿಲಲ್ಲೇ ನಿಂತು ಎರಡು ಮಾತು ಒಗೆದು ಹೋಗುವವರೇ ಹೊರತು ಕುರ್ಚಿ ಎಳೆದುಕೊಂಡವರಲ್ಲ. ಇವತ್ತು ಎಳೆದುಕೊಂಡದ್ದಲ್ಲದೆ ಕನ್ನಡಕ ಒರೆಸಿಕೊಂಡು, ಕೈಕಟ್ಟಿ, "ಹ್ಞೂಂ, ನೋಡು, ಶುರು ಮಾಡು. ಈ ವಿದ್ಯೆ ನಾನೂ ಕಲೀತೀನಿ" ಎಂದಿದ್ದರು. 'ಹ್ಞೂಂ, ನೋಡು' ಎನ್ನದೆ ಭಾವನ ಯಾವ ವಾಕ್ಯವೂ ಹೊರಡುವುದಿಲ್ಲ. ಹಳೆಯ ಗಾಡಿ ಒಂದು ಸಲ ಕೆಮ್ಮಿಯೇ ಮುಂದಕ್ಕೆ ಹೋಗುವ ಹಾಗೆ. ಆ ಕೆಮ್ಮನ್ನು ಗಿಳಿ ಎಷ್ಟು ಚೆನ್ನಾಗಿ ಒಪ್ಪಿಸುತ್ತಿದ್ದನೆಂದರೆ, ಅಡುಗೆಮನೆಯಲ್ಲಿದ್ದ ಅಕ್ಕ ಎಷ್ಟೋ ಸಲ ಗಂಡ ಬಂದರೆಂದು ಕಾಫಿಗೆ ನೀರಿಟ್ಟು ಆಮೇಲೆ ತಮ್ಮನ ಬೆನ್ನಿಗೆ ಗುದ್ದಿದ್ದಳು. ಗಿಳಿ ಎಂಬ ಹೆಸರು ಇಟ್ಟವಳೂ ಅವಳೇ. ಮೂವತ್ತು ದಾಟಿ, ಕನ್ನಡಕ ಬಂದು, ಮುಂಗೂದಲು ಹಿಂದೆ ಸರಿದರೂ ಹೆಸರು ಮಾತ್ರ ಕೊಂಬೆ ಬಿಟ್ಟು ಹಾರಿರಲಿಲ್ಲ; ಆಫೀಸಿಗೆ ಫೋನು ಮಾಡುವವರಿಗೂ ಅವನು ಗಿಳಿಯೇ.

ಹೋದ ತಿಂಗಳು ಆಫೀಸಿನ ಹಳೆಯ ಕಂಪ್ಯೂಟರು ಹೊಟ್ಟೆಯೊಳಗೆ ಟಿಕ್ ಟಿಕ್ ಎಂದು ಶಬ್ದ ಮಾಡಿ ಕಣ್ಣು ಮುಚ್ಚಿತ್ತು. ಅದರ ಜೊತೆಗೆ ಇಷ್ಟು ವರ್ಷಗಳ ಮೂಲ ನಕ್ಷೆಗಳೂ ಹೋದವು. ಉಳಿದದ್ದು ಅವರಿವರಿಗೆ ಮೇಲ್ ಮಾಡಿದ್ದ ಪಿಡಿಎಫ್‌ಗಳು. ಪಿಡಿಎಫ್ ಎಂದರೆ ಗೋಡೆಗೆ ತೂಗುಹಾಕಿದ ಹಿರಿಯರ ಫೋಟೋ ಇದ್ದ ಹಾಗೆ: ನೋಡಬಹುದು, ಕೈಮುಗಿಯಬಹುದು, 'ಸ್ವಲ್ಪ ಆಚೆ ಸರೀರಿ' ಎಂದರೆ ಸರಿಯುವುದಿಲ್ಲ. ಅವನ್ನು ಮತ್ತೆ ಡ್ರಾಫ್ಟಿಂಗ್ ಸಾಫ್ಟ್‌ವೇರಿಗೆ ಇಳಿಸಿ, ಗೆರೆಗಳಿಗೆ ಜೀವ ಕೊಟ್ಟು, ಅಳತೆ ಸರಿಮಾಡಿ, ಗೋಡೆ ಗೋಡೆಯ ಲೇಯರಿಗೆ, ಕಂಬ ಕಂಬದ ಲೇಯರಿಗೆ ಎಂದು ಬೇರೆಬೇರೆ ಪದರಗಳಲ್ಲಿ ವಿಂಗಡಿಸಿ ಇಡುವುದು ಗಿಳಿಯ ಕೆಲಸ. ಮೊದಲನೆಯದು ಊರಿನ ಹೊಸ ಗ್ರಂಥಾಲಯ. ಅದರ ನಕ್ಷೆ ಇವತ್ತು ಸಂಜೆಯೊಳಗೆ ಕಂಬ, ತೊಲೆಗಳ ಲೆಕ್ಕ ಹಾಕುವ ಇಂಜಿನಿಯರಮ್ಮನಿಗೆ ಹೋಗಬೇಕು. ಹೋದರೆ, ನಕ್ಷೆಯ ಕೆಳಗಿನ ಚೌಕದಲ್ಲಿ 'ಬರೆದವರು' ಎಂಬಲ್ಲಿ ಇನ್ನು ಮುಂದೆ ಗಿಳಿಯ ಹೆಸರು ಬರುತ್ತದೆಂದು ಭಾವ ಅಕ್ಕನ ಎದುರಿಗೇ ಮಾತು ಕೊಟ್ಟಿದ್ದರು. ಇಷ್ಟು ವರ್ಷ ಅಲ್ಲಿ ಒಂದು ಸಣ್ಣ ಅಡ್ಡಗೆರೆ ಇರುತ್ತಿತ್ತು. ಆ ಅಡ್ಡಗೆರೆಯನ್ನು ಎಳೆಯುತ್ತಿದ್ದವನೂ ಗಿಳಿಯೇ. ತನ್ನ ಹೆಸರಿರಬೇಕಾದ ಜಾಗಕ್ಕೆ ತಾನೇ ಗೆರೆ ಹೊಡೆಯುವಾಗ ಪ್ರತಿಸಲವೂ ಅವನಿಗೆ ಹಸಿವಾದಂತಾಗುತ್ತಿತ್ತು, ಊಟ ಮಾಡಿದ್ದರೂ.

"ಯಾಕೋ, ಇಷ್ಟು ನಿಧಾನ?" ಎಂದರು ಭಾವ.

"ಇಲ್ಲ ಭಾವ, ಮೌಸು ಹಳೇದು."

ಮೌಸು ಹಳೆಯದಲ್ಲ, ಪಾಪ ಹಳೆಯದು. ವರ್ಷಗಳ ಹಿಂದೆ ಒಂದು ದಿನ, ಮನೆ ಕಟ್ಟಿಸುತ್ತಿದ್ದ ಯಜಮಾನರು, ಅವರ ಹೆಂಡತಿ, ಹೆಂಡತಿಯ ಅಣ್ಣ ಎಲ್ಲರೂ ಮೇಜಿನ ಸುತ್ತ ನಿಂತು ನಕ್ಷೆ ನೋಡುತ್ತಿದ್ದಾಗ ಗಿಳಿ ಹಿಂದಿನಿಂದ ಕತ್ತು ಚಾಚಿ, "ಶೌಚಾಲಯ ಸ್ವಲ್ಪ ಇಕ್ಕಟ್ಟಾಯ್ತೇನೋ" ಎಂದಿದ್ದ. ಅದು ಭಾವ ವರ್ಷಗಟ್ಟಲೆ ತಿದ್ದಿ ತೀಡಿದ ಶೌಚಾಲಯ. ಒಮ್ಮೆ ಎಳೆದು ಇಟ್ಟುಕೊಂಡು ಮನೆಗೂ ಅದೇ, ಅಂಗಡಿಗೂ ಅದೇ, ಶಾಲೆಗೂ ಅದೇ ಎಂದು ಎಲ್ಲ ಕಡೆಗೂ ನಕಲು ಮಾಡಿ ಕೂರಿಸುತ್ತಿದ್ದರು. ಭಾವ ತಿರುಗಿ ನೋಡಿ, "ಹ್ಞೂಂ, ನೋಡು, ಅದರೊಳಗೆ ಸಂಸಾರ ಹೂಡ್ತಾರೇನೋ? ಗೆರೆ ನೀನು ಎಳೀ, ಯೋಚನೆ ನಾನು ಮಾಡ್ತೀನಿ" ಎಂದರು. ಹೆಂಡತಿಯ ಅಣ್ಣ ಎಲ್ಲರಿಗಿಂತ ಹೆಚ್ಚು ನಕ್ಕ. ಅವನಿಗೆ ನಗುವುದಕ್ಕೆ ಬೇರೆ ಕಾರಣವೇ ಇರಲಿಲ್ಲ. ಅವನೂ ಆ ಮನೆಯಲ್ಲಿ ಯಾರದೋ ಬಾಮೈದನೇ. ಗಿಳಿ ಕೋಣೆಗೆ ಬಂದು ಬಾಗಿಲು ಒರಗಿಸಿ, ಆ ಮಾದರಿ ಶೌಚಾಲಯವನ್ನು ತೆರೆದು ಅದರಲ್ಲಿ ಭಾವನನ್ನು ಕೂರಿಸಿದ. ನಕ್ಷೆಯಲ್ಲಿ ಎಲ್ಲವನ್ನೂ ಮೇಲಿನಿಂದ ನೋಡುವುದು ತಾನೆ? ಮೇಲಿನಿಂದ ನೋಡಿದರೆ ಮನುಷ್ಯ ಎಂದರೆ ಒಂದು ತಲೆ, ಎರಡು ಹೆಗಲು, ಎರಡು ಮೊಣಕಾಲು. ಭಾವನಾದರೆ ತಲೆಗೂ ಮೊಣಕಾಲಿಗೂ ನಡುವೆ ಹೊಟ್ಟೆ. ತಲೆಗೆ ಹೊಸ ವೃತ್ತ ಎಳೆಯಲು ಸೋಮಾರಿತನವಾಗಿ ಪಕ್ಕದ ಕಂಬದ ವೃತ್ತವನ್ನೇ ನಕಲು ಮಾಡಿ ಇಟ್ಟ. ಬೋಳುತಲೆಯಾದ್ದರಿಂದ ಅದಕ್ಕೆ ಇನ್ನೇನೂ ಸೇರಿಸಬೇಕಾಗಲಿಲ್ಲ. ಅಷ್ಟರಲ್ಲಿ ಹೊರಗೆ ಕೆಮ್ಮು ಕೇಳಿಸಿತು. ಅಳಿಸಲು ಮನಸ್ಸು ಬರಲಿಲ್ಲ. ಭಾವನ ಮೇಲೆ ಒಂದು ಬಿಳಿ ತೇಪೆ ಹಾಕಿ, ತೇಪೆಯ ಮೇಲೆ ಖಾಲಿ ಶೌಚಾಲಯವನ್ನು ಎಳೆದುಬಿಟ್ಟ. ಬಿಳಿ ಕಾಗದದ ಮೇಲೆ ಬಿಳಿ ತೇಪೆ, ದೇವರಿಗೂ ಕಾಣದು.

ಅಂದಿನಿಂದ ಭಾವ ತಾವು ಕಟ್ಟಿದ ಎಲ್ಲ ಕಟ್ಟಡಗಳಲ್ಲೂ ಕೂತರು. ಯಾರ ಒತ್ತಾಯವೂ ಇಲ್ಲದೆ, ತಮ್ಮ ಶೌಚಾಲಯವನ್ನು ತಾವೇ ನಕಲು ಮಾಡಿಸಿ, ಅದರ ಜೊತೆಗೆ ತಾವೂ ಹೋಗಿ ಕೂತರು. ಸಭೆಗಳಲ್ಲಿ ನಕ್ಷೆ ಹರಡಿ, "ಇಲ್ಲಿ ನೋಡಿ, ಜಾಗ ಸ್ವಲ್ಪವೂ ವ್ಯರ್ಥವಾಗಿಲ್ಲ" ಎಂದು ಅಲ್ಲೇ ಬೆರಳಿಡುವಾಗ ಹಿಂದೆ ನಿಂತ ಗಿಳಿ ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಳ್ಳುತ್ತಿದ್ದ. ಬರುಬರುತ್ತ ನಗು ಹೋಯಿತು, ಕಚ್ಚಿಕೊಳ್ಳುವುದು ಉಳಿಯಿತು. ಅವನು ಟೈಫಾಯ್ಡ್ ಬಂದು ಮಲಗಿದಾಗ ಭಾವ ದಿನಾ ಬಂದು, ಏನು ಮಾತಾಡಬೇಕೆಂದು ತಿಳಿಯದೆ, ಕೋಣೆಯ ಕಿಟಕಿ ತಪ್ಪು ದಿಕ್ಕಿಗಿದೆ ಎಂದು ಬೈದು ಹೋಗುತ್ತಿದ್ದರು. ಆ ಜ್ವರದಲ್ಲೂ ಅವನಿಗೆ ಕಂಡದ್ದು ಬಿಳಿ ತೇಪೆ.

"ತೆರಿ," ಎಂದರು ಭಾವ.

ತೆರೆದ. ಗ್ರಂಥಾಲಯ ಕಪ್ಪು ಪರದೆಯ ಮೇಲೆ ಅಂಚೆಚೀಟಿಯಷ್ಟಾಗಿ ಇಳಿಯಿತು. ಬಾಗಿಲು ಹಿಡಿದು ಅಳೆದರೆ ಇರುವೆಯೂ ಬಗ್ಗಿ ಹೋಗಬೇಕು. "ಪಿಡಿಎಫ್‌ಗೆ ಅಡಿ, ಇಂಚು ತಿಳಿಯಲ್ಲ ಭಾವ. ನಮಗೆ ಗೊತ್ತಿರೋ ಒಂದು ಅಳತೆ ಕೊಡಬೇಕು. ಬಾಗಿಲು ಮೂರಡಿ ಅಂತ ಹೇಳಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬೆಳೆಯತ್ತೆ," ಎಂದು ಗಿಳಿ ಬೇಕೆಂದೇ ನಿಧಾನಕ್ಕೆ ವಿವರಿಸಿದ. ಕಟ್ಟಡ ಉಬ್ಬಿ ನಿಂತಿತು. ಭಾವ ಮಗುವಿನಂತೆ, "ಅಬ್ಬಾ" ಎಂದರು. 'ಓದುವ ಕೋಣೆ' ಎಂಬ ಅಕ್ಷರಗಳು ಅಕ್ಷರಗಳಾಗಿ ಬಂದಿರಲಿಲ್ಲ, ಚೂರುಚೂರು ಗೆರೆಗಳಾಗಿ ಬಂದಿದ್ದವು. ಭಾವ ತಾವೇ ಮೌಸು ಹಿಡಿದು ಎಳೆದಾಗ 'ದು'ವಿನ ಕೊಂಬೊಂದೇ ಕಿತ್ತು ಕೈಗೆ ಬಂತು. ಅವರಿಗೆ ಸಂತೋಷವಾಯಿತು. ಮೌಸಿನ ಚಕ್ರ ತಿರುಗಿಸಿ ಹತ್ತಿರ ಹೋಗುವುದು, ದೂರ ಬರುವುದು, ಟೇಪಿನ ಚಿತ್ರ ಒತ್ತಿ ಅಳೆಯುವುದು ಎಲ್ಲ ಕಲಿತರು. ಕಲಿತವರು ಸುಮ್ಮನಿರುತ್ತಾರೆಯೇ? ಮೆಟ್ಟಿಲು ಅಳೆದರು, ಕಿಟಕಿ ಅಳೆದರು. ಗಿಳಿ ಅವರನ್ನು ಓದುವ ಕೋಣೆಯಲ್ಲೇ ಹಿಡಿದಿಡಲು ನೋಡಿದ, ವರಾಂಡಕ್ಕೆ ಕರೆದೊಯ್ದ, ಸೈಕಲ್ ನಿಲ್ಲಿಸುವ ಜಾಗ ತೋರಿಸಿದ. ಆದರೆ ಶೌಚಾಲಯವಿಲ್ಲದ ಕಟ್ಟಡವನ್ನು ಯಾರೂ ಕಟ್ಟುವುದಿಲ್ಲ.

"ಇದೇನೋ ಇದು, ನನ್ನ ಶೌಚಾಲಯದಲ್ಲಿ ಲೈಟ್ ಉರೀತಿದೆ?"

ಕಾಗದದ ಬಿಳುಪಿನಲ್ಲಿ ಅಡಗಿದ್ದ ತೇಪೆ ಕಪ್ಪು ಪರದೆಯ ಮೇಲೆ ಹಣೆಗೆ ಅಂಟಿಸಿದ ಪ್ಲಾಸ್ಟರಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗಿನ ಮಹಡಿಯಲ್ಲೊಂದು, ಮೇಲಿನ ಮಹಡಿಯಲ್ಲೊಂದು.

"ಟೈಲ್ಸು ಭಾವ."

"ಟೈಲ್ಸು ಹೀಗೆ ಹೊಳೆಯತ್ತಾ? ತೆಗಿ ಅದನ್ನ."

ತೆಗೆದರೆ ಕೆಳಗೆ ಭಾವ. ಶಾಲೆಯಲ್ಲಿ ಒಮ್ಮೆ ಗಿಳಿ ಮೇಜಿನ ಮೇಲೆ ಹತ್ತಿ ಗಣಿತದ ಮೇಷ್ಟರನ್ನು ಆಡಿ ತೋರಿಸುತ್ತಿದ್ದಾಗ ಅವರು ಕಿಟಕಿಯ ಹೊರಗೆ ನಿಂತಿದ್ದರು. ಹೊಡೆಯಲಿಲ್ಲ, ಬೈಯಲಿಲ್ಲ. ಒಳಗೆ ಬಂದು ಪಾಠ ಮಾಡಿದರು, ಆದರೆ ಅವತ್ತು ಮಾತ್ರ ತಮ್ಮ ಎಂದಿನ ರಾಗದಲ್ಲಿ ಮಾತಾಡದೆ, ಪ್ರತಿ ಪದವನ್ನೂ ಒರೆಸಿ ಇಡುವವರ ಹಾಗೆ ಮಾತಾಡಿದರು. ಬೈಗುಳಕ್ಕೆ ಗಿಳಿ ಹೆದರುವವನಲ್ಲ. ಬೈಗುಳ ಬಿದ್ದರೆ ಅದನ್ನೂ ಕಲಿತು ಸಂಜೆಗೆ ಒಪ್ಪಿಸುತ್ತಾನೆ. ಅವನು ಹೆದರುವುದು ಆ ಮುಖಕ್ಕೆ, ತನ್ನನ್ನೇ ಬೇರೆಯವರ ಬಾಯಲ್ಲಿ ಕೇಳಿಸಿಕೊಂಡ ಮುಖಕ್ಕೆ. ಆಗ ಭಾವನ ಮೊಬೈಲ್ ರಿಂಗಾಯಿತು. ಯಾವುದೋ ಮನೆಯ ಮೇಸ್ತ್ರಿ. ಒಳಗೆ ಸಿಗ್ನಲ್ ಸಿಕ್ಕುವುದಿಲ್ಲವೆಂದು ಭಾವ ಎದ್ದು, "ಹ್ಞೂಂ, ನೋಡು, ತೆಗೆದಿಟ್ಟಿರು" ಎಂದು ಮೆಟ್ಟಿಲಿಳಿದು ರಸ್ತೆಗೆ ಹೋದರು.

ಗಿಳಿ ಎದ್ದೆನೋ ಬಿದ್ದೆನೋ ಎಂದು ತೇಪೆ ಕಿತ್ತ. ಭಾವ ಹಾಗೇ ಕೂತಿದ್ದರು, ಇಷ್ಟು ವರ್ಷವಾದರೂ ಎದ್ದಿರಲಿಲ್ಲ. ಹೊಟ್ಟೆ, ಹೆಗಲು, ಮೊಣಕಾಲು ಒಂದೊಂದಾಗಿ ಅಳಿಸಿದ. ಪಿಡಿಎಫ್‌ನಿಂದ ಬಂದ ಭಾವ ಚೂರುಚೂರಾಗಿ ಬಂದಿದ್ದರಿಂದ ಎಷ್ಟು ಅಳಿಸಿದರೂ ಎಲ್ಲೋ ಒಂದು ಗೆರೆ ಉಳಿಯುತ್ತಿತ್ತು. ರಸ್ತೆಯಲ್ಲಿ ಭಾವನ ಧ್ವನಿ ಮೇಸ್ತ್ರಿಯನ್ನು ಬೈದು ಮುಗಿಸುವ ಹಂತಕ್ಕೆ ಬಂದಿತ್ತು. ಬೈಗುಳದ ಕೊನೆಗೆ ಅವರು ಯಾವಾಗಲೂ ದನಿ ತಗ್ಗಿಸಿ 'ಊಟ ಆಯ್ತಾ' ಎಂದು ಕೇಳುತ್ತಾರೆ. ತಲೆ ಉಳಿದಿತ್ತು, ಎರಡು ಮಹಡಿಯಲ್ಲೂ. ಗಿಳಿ ಕೆಳಗಿನ ತಲೆಯನ್ನು ಹಿಡಿದು, 'ಇಂಥವನ್ನೆಲ್ಲ ಆರಿಸು' ಎಂಬುದನ್ನು ಒತ್ತಿದ. ಆರಿಸಿತು. ಅಳಿಸು ಎಂದ. ಅಳಿಸಿತು. "ಊಟ ಆಯ್ತಾ?" ಎಂದು ರಸ್ತೆಯಿಂದ ಕೇಳಿಸಿತು. ಗಿಳಿ ತಿರುಗಿ ನೋಡಲಿಲ್ಲ, ಪರೀಕ್ಷಿಸಲಿಲ್ಲ, ಸೇವ್ ಮಾಡಿ ಇಂಜಿನಿಯರಮ್ಮನಿಗೆ ಮೇಲ್ ಮಾಡಿಬಿಟ್ಟ. ಬೆನ್ನ ಮೇಲಿನ ಬೆವರು ತಣ್ಣಗಾಗಿ ಹಿತವೆನಿಸಿತು. ಭಾವ ಬಂದು, "ಆಗಲೇ ಕಳಿಸಿಬಿಟ್ಟೆಯಾ?" ಎಂದು, ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಬೆನ್ನು ತಟ್ಟಿದರು. ತಟ್ಟಿದ ಕೈ ಒದ್ದೆಯಾಯಿತು. ಒರೆಸಿಕೊಂಡರು.

ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತಂದಳು. ನಕ್ಷೆಯ ಮೇಜಿನ ಮೇಲೆ ಹಳೆಯ ಹಾಳೆಗಳನ್ನು ಹಾಸಿ ಮುಚ್ಚಳ ತೆಗೆಯುತ್ತ, "ಹೆಸರು ಹಾಕಿದ್ರಾ ಇವನದ್ದು?" ಎಂದಳು.

"ಊಟ ಆಗಲಿ, ಕೈ ತೊಳೆದು ಹಾಕ್ತೀನಿ. ಒಳ್ಳೇ ಕೆಲಸ ಅಲ್ವಾ," ಎಂದು ಭಾವ ಕೈ ತೊಳೆಯಲು ಹೋದರು. ಮೇಜಿನ ಮೇಲೆ ಬಿಟ್ಟ ಅವರ ಮೊಬೈಲ್ ರಿಂಗಾಯಿತು. ಇಂಜಿನಿಯರಮ್ಮ. ಆ ಸದ್ದನ್ನು ನಿಲ್ಲಿಸಬೇಕು ಎಂಬುದೊಂದೇ ಗಿಳಿಯ ತಲೆಯಲ್ಲಿದ್ದದ್ದು. ಎತ್ತಿಕೊಂಡ, ಎತ್ತಿಕೊಂಡ ಮೇಲೆ ಅವನ ಗಂಟಲು ಅವನನ್ನು ಕೇಳದೆ ಅದಕ್ಕೆ ಅಭ್ಯಾಸವಾದದ್ದನ್ನು ಮಾಡಿತು.

"ಹ್ಞೂಂ, ನೋಡಿ, ಹೇಳಿ."

"ಸಾರ್, ನಕ್ಷೆ ಬಂತು. ಒಂದು ಸಣ್ಣ ಸಂದೇಹ. ಈ ಗ್ರಂಥಾಲಯ ಯಾವುದರ ಮೇಲೆ ನಿಂತಿದೆ?" ಇಂಜಿನಿಯರಮ್ಮನದು ಒಂದೊಂದು ಮಾತನ್ನೂ ಅಡಿಪಾಯ ಹಾಕಿ ಎಬ್ಬಿಸುವ ಧ್ವನಿ.

"ಹ್ಞೂಂ, ಭೂಮಿ ಮೇಲೆ."

"ಅದು ಸರಿ ಸಾರ್. ಭೂಮಿಗೂ ಚಾವಣಿಗೂ ಮಧ್ಯೆ?"

"ಮಧ್ಯೆ... ಪುಸ್ತಕ."

"ಕಂಬ ಒಂದೂ ಇಲ್ಲ ಸಾರ್."

ಸತ್ತ ಕಂಪ್ಯೂಟರಿನ ಟಿಕ್ ಟಿಕ್ ಗಿಳಿಗೆ ಮತ್ತೆ ಕೇಳಿಸಿತು. ಕಂಬ ದುಂಡಗೆ, ತಲೆ ದುಂಡಗೆ. 'ಇಂಥವನ್ನೆಲ್ಲ' ಎಂದಿದ್ದ. ಕಂಪ್ಯೂಟರಿಗೆ ಭಾವನೂ ಒಂದೇ ಕಂಬವೂ ಒಂದೇ. "ಹ್ಞೂಂ, ನೋಡಿ, ಕಂಬ ಆಮೇಲೆ ಕಳಿಸ್ತೀನಿ," ಎಂದ, ತರಕಾರಿ ಕಳಿಸುವವನ ಹಾಗೆ. ಅಕ್ಕ ಸೌಟು ಹಿಡಿದವಳು ಹಾಗೇ ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲಲ್ಲಿ ಭಾವ ನಿಂತಿದ್ದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ತಮ್ಮ ಧ್ವನಿ ತಮ್ಮನ್ನು ಬಿಟ್ಟು ಮೇಜಿನ ಹತ್ತಿರ ಮಾತಾಡುತ್ತಿರುವುದನ್ನು ಕೇಳಿಸಿಕೊಳ್ಳುತ್ತಿದ್ದರು.

"ಹ್ಞೂಂ, ನೋಡು," ಎಂದರು ಭಾವ.

"ಅದನ್ನ ಆಗ್ಲೇ ಹೇಳಿದ್ರಿ ಸಾರ್," ಎಂದಿತು ಫೋನು.

ಭಾವ ಬಂದು ಫೋನು ಇಸಿದುಕೊಂಡು, ಒದ್ದೆ ಕೈಯಾದ್ದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಇಂಜಿನಿಯರಮ್ಮ ಕಂಬದ ವಿಷಯ ಇನ್ನೊಮ್ಮೆ ಹೇಳಿದರು. ಭಾವ ಗಿಳಿಯ ಮುಖ ನೋಡಲಿಲ್ಲ. ಅದೇ ಕಷ್ಟ. "ತಪ್ಪಾಗಿದೆ ಮೇಡಂ. ಹುಡುಗನ ಕೈತಪ್ಪು," ಎಂದರು. ಹುಡುಗ ಎಂಬ ಮಾತಿಗೆ 'ಬರೆದವರು' ಚೌಕದಲ್ಲಿ ಮತ್ತೆ ಅಡ್ಡಗೆರೆ ಬಿದ್ದ ಸದ್ದು ಗಿಳಿಗೆ ಕೇಳಿಸಿತು.

"ಪರವಾಗಿಲ್ಲ ಸಾರ್. ಆದ್ರೆ ಆ ಕೂತಿರೋರು ಕೂಡ ಇಲ್ವಲ್ಲ ಇವತ್ತು?"

"ಯಾರು ಕೂತಿರೋರು?"

"ಅವರೇ ಸಾರ್, ಶೌಚಾಲಯದಲ್ಲಿ. ನಿಮ್ಮ ಪಿಡಿಎಫ್‌ಗಳನ್ನೆಲ್ಲ ನಾವು ಯಾವಾಗಲೂ ಸಾಫ್ಟ್‌ವೇರ್‌ಗೆ ಇಳಿಸ್ಕೊಂಡೇ ಕೆಲಸ ಮಾಡೋದಲ್ವಾ. ತೇಪೆ ಒಂದು ಕಡೆ ಹೋಗತ್ತೆ, ಅವರು ಒಂದು ಕಡೆ ಉಳೀತಾರೆ. ಮೊದಲನೇ ಸಲ ಅವರ ತಲೇನ ಕಂಬ ಅಂದ್ಕೊಂಡು ಭಾರ ಕೂಡ ಹಾಕಿಬಿಟ್ಟಿದ್ವಿ. ಆಮೇಲೆ ಹೊಟ್ಟೆ ನೋಡಿ ಮನುಷ್ಯ ಅಂತ ಗೊತ್ತಾಯ್ತು. ನಿಮ್ಮ ಆಫೀಸಿನ ಗುರುತು ಅಂದ್ಕೊಂಡಿದೀವಿ ಸಾರ್. ಇವತ್ತು ಅವರು ಇಲ್ಲದ್ದು ನೋಡಿ, ನಕ್ಷೆ ನಿಮ್ಮದೇನಾ ಅಂತ ಅನುಮಾನ ಬಂತು. ಇರಿ, ಈ ಗ್ರಂಥಾಲಯದ್ದೇ ಹಳೇ ಪಿಡಿಎಫ್ ನಾವು ಹಿಂದೆ ಇಳಿಸ್ಕೊಂಡಿದ್ದು ಕಳಿಸ್ತೀನಿ, ಕಂಬ ಎಲ್ಲ ಅದರಲ್ಲಿದೆ. ಅವರೂ ಇದಾರೆ."

ಬಂತು. ಭಾವ ಗಿಳಿಯ ಕುರ್ಚಿಯಲ್ಲಿ ತಾವೇ ಕೂತು ಬೆಳಿಗ್ಗೆ ಕಲಿತ ವಿದ್ಯೆಯಿಂದ ತೆರೆದರು, ಚಕ್ರ ತಿರುಗಿಸಿ ಹತ್ತಿರ ಹೋದರು, ಇನ್ನೂ ಹತ್ತಿರ ಹೋದರು. ಪರದೆಯ ತುಂಬ ಒಂದು ಬೋಳುತಲೆ, ಎರಡು ಹೆಗಲು, ಒಂದು ಹೊಟ್ಟೆ. ಹಿಂದೆ ಸೌಟು ಹಿಡಿದು ನಿಂತ ಅಕ್ಕ ಒಮ್ಮೆ ಪರದೆ ನೋಡಿದಳು, ಒಮ್ಮೆ ಮೇಲಿನಿಂದ ಗಂಡನ ತಲೆ ನೋಡಿದಳು. ಅಲ್ಲಿಂದ ನೋಡಿದರೆ ಎರಡೂ ಒಂದೇ ನಕ್ಷೆ.

"ಇದು ನೀವೇ ಕಣ್ರೀ," ಎಂದಳು.

ಅಂದು ಕಿಟಕಿಯ ಹೊರಗೆ ನಿಂತಿದ್ದ ಮೇಷ್ಟರ ಮುಖ ಭಾವನಿಗೂ ಬರುವುದನ್ನು ಗಿಳಿ ಕಾದ. ಓಡಿಹೋಗೋಣವೆಂದರೆ ಬಾಗಿಲಿಗೆ ಅಕ್ಕ ಅಡ್ಡ. ಈ ಕೋಣೆಯೂ ಇಕ್ಕಟ್ಟೇ. ಭಾವ ಟೇಪಿನ ಚಿತ್ರ ಒತ್ತಿದರು. ಹೊಟ್ಟೆ ಅಳೆದರು. "ಹ್ಞೂಂ," ಎಂದರು, 'ನೋಡು' ಬರಲಿಲ್ಲ. ಆಮೇಲೆ ಮೊಣಕಾಲಿನಿಂದ ಬಾಗಿಲವರೆಗೆ ಅಳೆದರು. ಬಾಗಿಲು ಒಳಗೆ ತೆರೆಯುವ ಕಮಾನಿನ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿದರು. ಅದು ನೇರವಾಗಿ ಬಂದು ಕೂತವರ ಎರಡೂ ಮಂಡಿಗಳನ್ನು ಕೊಯ್ದುಕೊಂಡು ಹೋಗಿತ್ತು. ಮತ್ತೆ ಅಳೆದರು.

"ಬಾಗಿಲು ತೆಗೆದ್ರೆ ನನ್ನ ಮಂಡಿಗೆ ಬಡಿಯತ್ತಲ್ಲೋ."

"ಹೂಂ ಭಾವ."

"ಇಷ್ಟು ವರ್ಷದಿಂದ ಎಲ್ಲಾ ಕಟ್ಟಡದಲ್ಲೂ ಬಡೀತಾನೇ ಇದೆ."

"ಆವತ್ತು ಅದನ್ನೇ ಹೇಳೋಕೆ ಬಂದಿದ್ದೆ ಭಾವ. ಇಕ್ಕಟ್ಟು ಅಂತ." ಹೇಳುತ್ತಿರುವುದು ಯಾರ ಧ್ವನಿ ಎಂದು ಗಿಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಸಣ್ಣದಾಗಿ, ಸ್ವಲ್ಪ ಒಡೆದುಕೊಂಡು ಬರುತ್ತಿತ್ತು. ಅವನದೇ ಇರಬೇಕು.

ಭಾವ ಕುರ್ಚಿ ತಿರುಗಿಸಿದರು. "ಅದು ಸರಿ. ಕೂರಿಸೋಕೆ ಇಷ್ಟು ದೊಡ್ಡ ಕಟ್ಟಡದಲ್ಲಿ ನಿನಗೆ ಇದೊಂದೇ ಜಾಗ ಸಿಕ್ಕಿದ್ದಾ? ಓದೋ ಕೋಣೇಲಿ ಕುರ್ಚಿ ಇರಲಿಲ್ವಾ?"

"ಅಲ್ಲಾದ್ರೆ ನೀವು ಯಾರನ್ನೂ ಬೈಯಲ್ಲ ಅಂತ."

"ಅಲ್ಲೂ ಬೈತಾರೆ ಕಣೋ," ಎಂದಳು ಅಕ್ಕ. "ನಲ್ಲೀನ."

ಮೇಜಿನ ಮೇಲಿಂದ ಗೊಳ್ಳೆಂದು ನಕ್ಕದ್ದು ಇಂಜಿನಿಯರಮ್ಮ. ಫೋನು ಇನ್ನೂ ಇಟ್ಟಿರಲಿಲ್ಲ. ಅಕ್ಕ ಸೌಟಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ಯಾರ ಕಡೆಯೂ ನೋಡದೆ ಪರದೆಗೆ ತಿರುಗಿ, ನಕ್ಷೆಯ ಕೆಳಗಿನ ಚೌಕಕ್ಕೆ ಹೋಗಿ, ಅಡ್ಡಗೆರೆಯನ್ನು ಅಳಿಸಿ, ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ಗಿಳಿಯ ನಿಜವಾದ ಹೆಸರನ್ನು ಒತ್ತತೊಡಗಿದರು. "ಹ್ಞೂಂ, ನೋಡು, ಬಾಗಿಲು ಹೊರಗೆ ತೆಗೆಯೋ ಹಾಗೆ ತಿರುಗಿಸಿ ಇವತ್ತೇ ಕಳಿಸು. ಇದನ್ನ ಬರೆದವನು ಯಾರು ಅಂತ ಊರಿಗೆಲ್ಲ ಗೊತ್ತಾಗಲಿ. ನನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ನನ್ನಿಂದಾಗಲ್ಲ." ಕೊನೆಯ ಅಕ್ಷರ ಒತ್ತಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಇನ್ನೊಮ್ಮೆ ಆ ಹೊಟ್ಟೆಯನ್ನು ನೋಡಿದರು. ತಮ್ಮದನ್ನು ಬಗ್ಗಿ ನೋಡಿಕೊಂಡರು. "ಅಳತೆ ಸರಿಯಾಗಿದೆ ಕಣೇ," ಎಂದು ಅಕ್ಕನಿಗೆ ಹೇಳಹೊರಟವರು 'ಸರಿ'ಯಲ್ಲೇ ನಗು ಉಕ್ಕಿ ನಿಂತರು. ಗಿಳಿಯ ಹತ್ತಿರ ಭಾವನ ಕೆಮ್ಮು ಇತ್ತು, ಸೀನು ಇತ್ತು, ಫೋನಿನಲ್ಲಿ ಬೈಯುವುದು, ನಿದ್ದೆಯಲ್ಲಿ ಗೊರಕೆ ಎಲ್ಲವೂ ಇದ್ದವು. ಈ ನಗು ಇರಲಿಲ್ಲ. ಅದು ಮೊದಲು ಹೊಟ್ಟೆಯಲ್ಲಿ ಸದ್ದಿಲ್ಲದೆ ಅಲ್ಲಾಡಿ, ಹೆಗಲಿಗೆ ಹತ್ತಿ, ಬೋಳುತಲೆಯನ್ನು ಕೆಂಪಾಗಿಸಿ, ಕೊನೆಗೆ ಬಾಯಿಂದ ಹೊರಬಿದ್ದಾಗ ಡಬ್ಬಿಯ ಮುಚ್ಚಳಗಳು ಮೇಜಿನ ಮೇಲೆ ಗಿಲಿಗಿಲಿ ಎಂದವು.

"ಯಾರದು ಇಷ್ಟು ಜೋರಾಗಿ ನಗ್ತಿರೋದು?" ಎಂದು ಫೋನು ಕೇಳಿತು. "ಸಾರೇನಾ, ಗಿಳೀನಾ?"

ಗಿಳಿಗೆ ನಗು ತಡೆಯದೆ ಉತ್ತರ ಕೊಡಲಾಗಲಿಲ್ಲ. ಭಾವ ಕೈ ಆಡಿಸಿ, 'ನಾನೇ' ಎನ್ನಲು ಬಾಯಿ ತೆರೆದು, ಆಗದೆ, ಇನ್ನೂ ಜೋರಾಗಿ ನಕ್ಕರು.